ಯಾರೂ ತಡೆದಿಲ್ಲ, ಆದರೂ ಬೆನ್ನು ಬಗ್ಗದು: ಫ್ಲೋರೈಡ್ ನೀರು ಸ್ವಾತಂತ್ರ್ಯದ ಪ್ರಶ್ನೆಯೇ?

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮದು ಬಾಗೇಪಲ್ಲಿ ತಾಲ್ಲೂಕಿನ ಒಂದು ಹಳ್ಳಿ. ಕ್ಲಾಸಿನಲ್ಲಿ ಸ್ವಾತಂತ್ರ್ಯದ ಪಾಠ ನಡೆಯುವಾಗ ನಾನು ನಮ್ಮೂರಿನ ಫ್ಲೋರೈಡ್ ನೀರಿನ ಮಾತು ತೆಗೆದೆ. "ಅದು ಅಭಿವೃದ್ಧಿಯ ಸಮಸ್ಯೆ ಅಮ್ಮಾ. ನಿಮ್ಮನ್ನು ಯಾರಾದರೂ ತಡೆದಿದ್ದಾರಾ? ಓಟು ಹಾಕ್ತೀರಿ, ಓದ್ತೀರಿ, ಬೇಕಾದ ಕಡೆ ಹೋಗ್ತೀರಿ" ಎಂದರು ಮೇಷ್ಟ್ರು. ನನಗೆ ಉತ್ತರ ತೋಚಲಿಲ್ಲ. ನಮ್ಮಜ್ಜಿಗೆ ನೆಲದ ಮೇಲೆ ಕೂತು ಏಳಲು ಆಗುವುದಿಲ್ಲ. ನನ್ನ ಹಲ್ಲು ಕಂದು ಬಣ್ಣ. ಯಾವ ಫೋಟೋದಲ್ಲೂ ನಾನು ಬಾಯಿ ತೆರೆದು ನಕ್ಕಿಲ್ಲ. ಆದರೆ ಯಾರೂ ನಮ್ಮನ್ನು ತಡೆದಿಲ್ಲ ಅನ್ನುವುದೂ ನಿಜ ಅಲ್ವಾ? ಮೇಷ್ಟ್ರು ಹೇಳಿದ್ದು ಸರಿಯಾ? ನಾನು ಊರು ಬಿಟ್ಟು ಬೆಂಗಳೂರಿಗೆ ಹೋಗಿಬಿಟ್ಟರೆ ಈ ಪ್ರಶ್ನೆ ಮುಗಿಯುತ್ತಾ?

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದು ಸ್ವಾತಂತ್ರ್ಯದ ಒಂದು ಹಳೆಯ, ಗಟ್ಟಿ ಅರ್ಥ. ಪೊಲೀಸರು ಕಾರಣವಿಲ್ಲದೆ ಹಿಡಿಯಬಾರದು, ಸರ್ಕಾರ ಬಾಯಿ ಮುಚ್ಚಿಸಬಾರದು, ಯಾರೂ ದಾರಿಗೆ ಅಡ್ಡ ನಿಲ್ಲಬಾರದು. ಇದನ್ನು ಬಿಟ್ಟುಕೊಡಬೇಡಿ. ಇದಿಲ್ಲದ ದೇಶಗಳಲ್ಲಿ ನೀರಿನ ಬಗ್ಗೆ ಪ್ರಶ್ನೆ ಕೇಳುವುದಕ್ಕೂ ಆಗುವುದಿಲ್ಲ. ಆದರೆ ಇಷ್ಟಕ್ಕೇ ನಿಂತರೆ ನಿಮ್ಮಜ್ಜಿಯ ಬೆನ್ನಿಗೆ ಏನಾಯಿತು ಎಂದು ಹೇಳಲು ನಮ್ಮ ಹತ್ತಿರ ಮಾತೇ ಇರುವುದಿಲ್ಲ. ನಾನು ನೀರು ಮತ್ತು ಆರೋಗ್ಯದ ಕೆಲಸದಲ್ಲಿರುವವನು, ತತ್ವಶಾಸ್ತ್ರದವನಲ್ಲ. ಹಾಗಾಗಿ ನೀರಿನಿಂದಲೇ ಶುರು ಮಾಡುತ್ತೇನೆ.

ಫ್ಲೋರೈಡ್ ಎಲ್ಲಿಂದ ಬರುತ್ತದೆ? ನಿಮ್ಮ ಕಾಲ ಕೆಳಗಿನ ಬಂಡೆಯಿಂದ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ನೆಲದಡಿ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಅದರಲ್ಲಿರುವ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ಕಲ್ಲಿನ ಬಿರುಕಿನಲ್ಲಿ ನೀರು ವರ್ಷಗಟ್ಟಲೆ ನಿಂತಷ್ಟೂ ಅದು ಕರಗಿ ನೀರಿಗೆ ಸೇರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದು ಕ್ಷಾರ ಜಾಸ್ತಿ ಇದ್ದರೆ ಇನ್ನೂ ಹೆಚ್ಚು ಕರಗುತ್ತದೆ. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ಮೂಲವೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು. ನಿಮ್ಮ ಭಾಗದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು 2, 3 ದಾಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ಕುದಿಸಿದಾಗ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಅಂದರೆ ಇದ್ದದ್ದು ಇನ್ನಷ್ಟು ಗಾಢವಾಗುತ್ತದೆ.

ಮಗುವಿಗೆ ಸುಮಾರು 8 ವರ್ಷ ತುಂಬುವವರೆಗೆ ಶಾಶ್ವತ ಹಲ್ಲುಗಳ ಮೇಲ್ಪದರ ಒಸಡಿನೊಳಗೆ ರೂಪುಗೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಜಾಸ್ತಿ ಫ್ಲೋರೈಡ್ ಹೊಟ್ಟೆಗೆ ಹೋದರೆ ಹಲ್ಲು ಹುಟ್ಟುವಾಗಲೇ ಹಾಳಾಗಿ ಬರುತ್ತದೆ. ಮೊದಲು ಸುಣ್ಣದಂಥ ಮಚ್ಚೆ, ಆಮೇಲೆ ಹಳದಿ, ಕಂದು. ಹಲ್ಲುಜ್ಜುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಎಷ್ಟೋ ಮಕ್ಕಳಿಗೆ ಶಾಲೆಯಲ್ಲಿ "ಹಲ್ಲುಜ್ಜಲ್ವಾ?" ಎಂದು ಗದರಿರುತ್ತಾರೆ. ತನ್ನದಲ್ಲದ ತಪ್ಪಿಗೆ ನಾಚಿಕೊಂಡು ಬೆಳೆಯುವ ಮಗು ಕೈ ಎತ್ತಿ ಪ್ರಶ್ನೆ ಕೇಳುವುದನ್ನೇ ಬಿಡುತ್ತದೆ. ನೀವು ಕ್ಲಾಸಿನಲ್ಲಿ ಎದ್ದು ಪ್ರಶ್ನೆ ಕೇಳಿದಿರಲ್ಲ, ಅದು ಸಣ್ಣ ಮಾತಲ್ಲ.

ಮೂಳೆಯ ಕಥೆ ನಿಧಾನ. ಹತ್ತಾರು ವರ್ಷ ಫ್ಲೋರೈಡ್ ಸೇರುತ್ತಾ ಹೋದರೆ ಮೂಳೆ ದಪ್ಪಗಾಗುತ್ತದೆ, ಆದರೆ ಪೆಡಸಾಗುತ್ತದೆ. ಮೂಳೆಗಳನ್ನು ಹಿಡಿದಿಡುವ ನಾರುಗಳೂ ಸುಣ್ಣಗಟ್ಟುತ್ತವೆ. ಬೆನ್ನುಹುರಿಯ ಸುತ್ತಲಿನ ಕೀಲುಗಳು ಬಿಗಿದುಕೊಳ್ಳುತ್ತವೆ. ಹಿಂದಿನಿಂದ ಯಾರಾದರೂ ಕೂಗಿದರೆ ಕುತ್ತಿಗೆ ತಿರುಗುವುದಿಲ್ಲ, ಇಡೀ ಮೈ ತಿರುಗಿಸಬೇಕು. ಕುಕ್ಕರಗಾಲಿನಲ್ಲಿ ಕೂರಲು ಆಗುವುದಿಲ್ಲ ಅಂದರೆ ಏನು ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಳೆ ಕೀಳಲು ಆಗದು, ಒಲೆ ಮುಂದೆ ಕೂರಲು ಆಗದು, ಬಯಲಿಗೆ ಹೋಗಲು ಆಗದು, ನೆಂಟರ ಮನೆಯ ಮದುವೆಗೆ ಹೋಗಿ ಪಂಕ್ತಿಯಲ್ಲಿ ಕೂರಲು ಆಗದು. ಎಷ್ಟೋ ಜನ ಇದನ್ನು ವಯಸ್ಸಿನ ಮಂಡಿನೋವು ಎಂದುಕೊಂಡು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುತ್ತಾರೆ. ಆ ಮಾತ್ರೆ ಕಿಡ್ನಿಯನ್ನು ಕೆಡಿಸಬಹುದು. ಕಿಡ್ನಿ ಸೋತರೆ ಮೈಯಿಂದ ಫ್ಲೋರೈಡ್ ಹೊರಹೋಗುವುದು ಇನ್ನೂ ಕಡಿಮೆಯಾಗುತ್ತದೆ.

ಸಂವಿಧಾನದ 19ನೇ ವಿಧಿ ನಿಮ್ಮಜ್ಜಿಗೆ ಭಾರತದ ಉದ್ದಗಲಕ್ಕೂ ಓಡಾಡುವ ಸ್ವಾತಂತ್ರ್ಯ ಕೊಟ್ಟಿದೆ. ಅವರಿಗೆ ಜಗಲಿ ಇಳಿಯಲು ಆಗುವುದಿಲ್ಲ. ಎರಡೂ ನಿಜವೇ.

ಇಲ್ಲಿ ನಿಮ್ಮ ಮೇಷ್ಟ್ರು ನ್ಯಾಯವಾಗಿಯೇ ಒಂದು ಮಾತು ಕೇಳಬಹುದು. "ಬಂಡೆ ಮಾಡಿದ ಕೆಲಸಕ್ಕೆ ಸ್ವಾತಂತ್ರ್ಯದ ಹೆಸರು ಯಾಕೆ? ಹೀಗೆ ಎಲ್ಲ ಕಷ್ಟಕ್ಕೂ ಅದೇ ಹೆಸರಿಟ್ಟರೆ ಆ ಮಾತಿಗೆ ಬೆಲೆ ಉಳಿಯುತ್ತಾ?" ನನಗೂ ಈ ಆತಂಕ ಇದೆ. ಭೂಕಂಪ ಸ್ವಾತಂತ್ರ್ಯಹರಣ ಅಲ್ಲ. ಮುಪ್ಪೂ ಅಲ್ಲ. ಹಾಗಾಗಿ ನಾನು ಮೂರು ವಿಷಯ ನೋಡುತ್ತೇನೆ. ಮನುಷ್ಯರ ನಿರ್ಧಾರ ಇದರಲ್ಲಿ ಇದೆಯಾ? ಸಿಕ್ಕಿಕೊಂಡವರಿಗೆ ನಿಜವಾದ ಬೇರೆ ದಾರಿ ಇತ್ತಾ? ಆ ನಿರ್ಧಾರದಲ್ಲಿ ಅವರನ್ನು ಯಾರಾದರೂ ಕೇಳಿದರಾ?

ಬಂಡೆ ಕೋಟ್ಯಂತರ ವರ್ಷಗಳಿಂದ ಅಲ್ಲೇ ಇದೆ. ಅದರ ಆಳದ ನೀರು ಕುಡಿಯಲು ಶುರು ಮಾಡಿದ್ದು ಮಾತ್ರ ಮೊನ್ನೆ ಮೊನ್ನೆ. ನಿಮ್ಮದು ನದಿ ಇಲ್ಲದ ಸೀಮೆ. ಹೊಳೆಗಳು ಹುಟ್ಟುತ್ತವೆ, ಆದರೆ ವರ್ಷವಿಡೀ ಹರಿಯುವುದಿಲ್ಲ. ಅದಕ್ಕೇ ಹಿಂದಿನವರು ಸಾವಿರಾರು ಕೆರೆ ಕಟ್ಟಿದರು. ಒಂದು ಕೆರೆಯ ಕೋಡಿ ಹರಿದು ಮುಂದಿನ ಕೆರೆಗೆ ಹೋಗುವಂಥ ಸರಪಳಿ. ಕೆರೆಯಲ್ಲಿ ನಿಂತ ಮಳೆ ನೀರು ಇಂಗಿ ಕೆಳಗಿನ ಬಾವಿಗಳಿಗೆ ಬರುತ್ತಿತ್ತು. ಮೇಲಿನ ಪದರದಲ್ಲಿ ಇಂಗಿದ ಹೊಸ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ.

ಆಮೇಲೆ ಹ್ಯಾಂಡ್‌ಪಂಪು, ಬೋರ್‌ವೆಲ್ ಬಂದವು. ಕೆಟ್ಟ ಉದ್ದೇಶದಿಂದ ಬಂದವಲ್ಲ. ತೆರೆದ ಬಾವಿಯ ನೀರಿನಿಂದ ಕಾಲರಾ ಬರುತ್ತಿತ್ತು. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಿಂದ, ಚರ್ಮ ಸೀಳಿಕೊಂಡು ಹುಳು ಹೊರಬರುವ ನಾರುಹುಣ್ಣು ಹರಡುತ್ತಿತ್ತು. ಆ ಹುಳುವಿನಿಂದ ಭಾರತ ಮುಕ್ತವಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2000ದಲ್ಲಿ. ಅದರಲ್ಲಿ ಹ್ಯಾಂಡ್‌ಪಂಪಿನ ಪಾಲೂ ಇದೆ. ಆದರೆ ಫ್ಲೋರೈಡ್ ವಿಷಯ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1937ರಲ್ಲೇ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಈ ಕಾಯಿಲೆಯನ್ನು ಗುರುತಿಸಿ ವರದಿ ಮಾಡಿದ್ದರು. ನಿಮ್ಮೂರಿನಿಂದ ಅದೇನೂ ದೂರದ ಸೀಮೆಯಲ್ಲ. 1970ರ ದಶಕದಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು (ನೀರಿ) ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನವನ್ನೂ ರೂಪಿಸಿದ್ದರು. ರೋಗ ಗೊತ್ತಿತ್ತು, ಕಾರಣ ಗೊತ್ತಿತ್ತು, ಒಂದು ಮದ್ದೂ ಗೊತ್ತಿತ್ತು. ಆದರೂ ಹಳ್ಳಿ ಹಳ್ಳಿಯಲ್ಲಿ ಕೊರೆದ ಬೋರಿನ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಕುಡಿಯುವವರಿಗೆ ತಿಳಿಸುವ ಪದ್ಧತಿ ಬೆಳೆಯಲಿಲ್ಲ.

ನೀರಾವರಿಯೂ ಬೋರಿಗೇ ಬಂತು. ಕೆರೆಗಳಲ್ಲಿ ಹೂಳು ತುಂಬಿತು, ರಾಜಕಾಲುವೆಗಳು ಒತ್ತುವರಿಯಾದವು. ಕೆರೆ ಅಂಗಳದಲ್ಲೂ ಹೊಲದಲ್ಲೂ ನೀಲಗಿರಿ ಎದ್ದಿತು. ಸರ್ಕಾರ ನೀಲಗಿರಿ ನೆಡುವುದನ್ನು ನಿಲ್ಲಿಸಿದ್ದು 2017ರಲ್ಲಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಲ್ ಇಲ್ಲ. ರೈತರಿಗೆ ಅದು ಬೇಕಿತ್ತು, ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಎಲ್ಲರೂ ಸೇರಿ ಮೇಲೆತ್ತಿದ ನೀರನ್ನು ಮತ್ತೆ ಇಳಿಸುವ ಏರ್ಪಾಟು ಯಾರೂ ಮಾಡಲಿಲ್ಲ. ಬೋರು ಸಾವಿರ ಅಡಿ ದಾಟಿತು. ಆಳಕ್ಕೆ ಹೋದಷ್ಟೂ ಕಲ್ಲಿನ ಜೊತೆ ಹಳೆಯ ನಂಟಿರುವ ನೀರು. ಇದರಲ್ಲಿ ಬಂಡೆಯ ಪಾಲೆಷ್ಟು, ನಿರ್ಧಾರಗಳ ಪಾಲೆಷ್ಟು? ನೀವೇ ತೂಗಿ ನೋಡಿ.

ಇನ್ನು ಒಂದು ಲೆಕ್ಕ. ಇದನ್ನು ನಿಮ್ಮ ಮೇಷ್ಟ್ರಿಗೂ ತೋರಿಸಿ. ಊರಿನ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆ ಅಂದುಕೊಳ್ಳೋಣ. ಪಟ್ಟಣಕ್ಕೆ ಹೋಗಿ ಫ್ಯಾನ್ ಕೆಳಗೆ ಕೆಲಸ ಮಾಡುವವರು ಊರಿನ ನೀರು ದಿನಕ್ಕೆ 2 ಲೀಟರ್ ಕುಡಿದರೆ 6 ಮಿಲಿಗ್ರಾಂ. ಬಿಸಿಲಲ್ಲಿ ಕಲ್ಲು ಒಡೆಯುವವರು, ಕೂಲಿ ಮಾಡುವವರು 5 ಲೀಟರ್ ಕುಡಿಯುತ್ತಾರೆ. ಅವರಿಗೆ 15 ಮಿಲಿಗ್ರಾಂ. ನೀರು ಒಂದೇ, ಊರು ಒಂದೇ. ಅದರ ಮೇಲೆ ಊಟದ ವಿಷಯ. ಹಾಲು, ಸೊಪ್ಪು, ಹಣ್ಣು ಸಿಕ್ಕವರ ಮೈ ಸ್ವಲ್ಪ ತಡೆಯುತ್ತದೆ, ಯಾಕಂದರೆ ಕ್ಯಾಲ್ಸಿಯಂ ಇದ್ದಾಗ ಫ್ಲೋರೈಡ್ ರಕ್ತಕ್ಕೆ ಸೇರುವುದು ಕಡಿಮೆ. ಅನ್ನ, ನೀರು ಸಾರು ಮಾತ್ರ ಸಿಕ್ಕವರಿಗೆ ಆ ತಡೆಯೂ ಇಲ್ಲ. ರೊಕ್ಕ ಇದ್ದವರು ಮನೆಗೇ ಫಿಲ್ಟರ್ ಹಾಕಿಸುತ್ತಾರೆ. ಪರಿಸರದ ಕೇಡು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಮೊದಲೇ ಇರುವ ಏರುತಗ್ಗುಗಳನ್ನು ಹುಡುಕಿಕೊಂಡು ಹೋಗಿ ಅಲ್ಲೇ ನಿಲ್ಲುತ್ತದೆ.

ಜಾತಿಯ ಮಾತು ಎತ್ತದೆ ನೀರಿನ ಮಾತು ಮುಗಿಯುವುದಿಲ್ಲ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿಯ ಹೆಸರು ನೀವು ಕೇಳಿರುತ್ತೀರಿ. ನಿಮ್ಮ ಸೀಮೆಯಲ್ಲಿ ಆ ಕೆಲಸ ಹೆಚ್ಚಾಗಿ ದಲಿತ ಕುಟುಂಬಗಳದ್ದು. ಇಡೀ ಊರಿನ ಗದ್ದೆಗೆ ನೀರು ಹಂಚಿದವರು ಅದೇ ಊರಿನ ಸೇದುವ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ.

"ಯಾರೂ ತಡೆದಿಲ್ಲ" ಅನ್ನುವ ವಾದ ಎಲ್ಲಿ ಸೋಲುತ್ತದೆ ಎಂದು ನೋಡಲು ಈಗಿನ ಮಹಾರಾಷ್ಟ್ರದ ಮಹಾಡ್ ಪಟ್ಟಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂದು ಬಾಂಬೆ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡಿನ ಪುರಸಭೆಯೂ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ಘೋಷಿಸಿತ್ತು. ಕಾಗದದ ಮೇಲೆ ತಡೆ ಇರಲಿಲ್ಲ. ಆದರೂ ಅಸ್ಪೃಶ್ಯರು ಯಾರೂ ಕೆರೆಗೆ ಇಳಿಯುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರು ಕುಡಿದರು. ಆಮೇಲೆ ಸವರ್ಣೀಯರು ಸಗಣಿ, ಗೋಮೂತ್ರ ಹಾಕಿ ಕೆರೆಯನ್ನು "ಶುದ್ಧಿ" ಮಾಡಿದರು. ಕೇಸು ಹತ್ತು ವರ್ಷ ನಡೆದು, 1937ರಲ್ಲಿ ಬಾಂಬೆ ಹೈಕೋರ್ಟು ಕೆರೆ ಎಲ್ಲರದ್ದು ಎಂದು ಹೇಳಿತು. ಅದಕ್ಕೇ ನಮ್ಮ ಸಂವಿಧಾನ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರನ್ನೇ ಹಿಡಿದು 15ನೇ ವಿಧಿಯಲ್ಲಿ ಹೇಳುತ್ತದೆ. ಒಂದು ದೇಶದ ಮೂಲ ಕಾನೂನಿನಲ್ಲಿ ಬಾವಿಯ ಮಾತು ಬರೆಯಬೇಕಾಗಿ ಬಂತು ಅಂದರೆ ನೀರಿಗೂ ಸ್ವಾತಂತ್ರ್ಯಕ್ಕೂ ಇರುವ ನಂಟು ಅದನ್ನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಅದೆಲ್ಲ ಹಳೆಯ ಕಾಲದ್ದು ಅನ್ನುವಂತಿಲ್ಲ. 2022ರ ನವೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರ ಗ್ರಾಮದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ (ಊರಿನ ನೀರಿನ ಟ್ಯಾಂಕಿನ) ನಲ್ಲಿಯಲ್ಲಿ ನೀರು ಕುಡಿದರು ಎಂದು ನೀರನ್ನೆಲ್ಲ ಹೊರಬಿಟ್ಟು, ತೊಂಬೆಯನ್ನು ಗೋಮೂತ್ರದಿಂದ ತೊಳೆದ ಸುದ್ದಿ ವರದಿಯಾಯಿತು. ಅಧಿಕಾರಿಗಳು ಹೋಗಿ ಊರಿನ ತೊಂಬೆಗಳಲ್ಲಿ ಎಲ್ಲರೂ ನೀರು ಕುಡಿಯುವಂತೆ ಮಾಡಿದರು. ಮಹಾಡಿನಿಂದ ಅಲ್ಲಿಗೆ 95 ವರ್ಷ. ನಿಮ್ಮೂರಿನಲ್ಲಿ ಇಷ್ಟು ನೇರವಾಗಿ ನಡೆಯದೇ ಇರಬಹುದು. ಆದರೂ ಒಂದು ವಿಷಯ ಗಮನಿಸಿ. ಪೈಪ್‌ಲೈನಿನ ಕೊನೆಯಲ್ಲಿ ಯಾರ ಕೇರಿ ಇದೆ? ಒತ್ತಡ ಕಡಿಮೆಯಾದ ದಿನ ಮೊದಲು ಯಾರ ನಲ್ಲಿ ನಿಲ್ಲುತ್ತದೆ?

ಇನ್ನು ಹೆಂಗಸರ ಹೊತ್ತು. ನನಗೆ ಅತಿ ಹೆಚ್ಚು ಕಾಡುವುದು ಇದು, ಯಾಕಂದರೆ ಯಾವ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. ನೀರು ಹಿಡಿಯುವುದೂ ಇಂಥ ಕೆಲಸವೇ. ನೀರು ಬರುವ ಹೊತ್ತು ನಿಶ್ಚಿತವಾಗಿಲ್ಲದಿದ್ದರೆ ನಷ್ಟವಾಗುವುದು ಹಿಡಿಯುವ ಅರ್ಧ ಗಂಟೆ ಮಾತ್ರ ಅಲ್ಲ. ಕಾಯುವ ಇಡೀ ದಿನ. ಕರೆಂಟ್ ಬಂದಾಗ ಮೋಟರು, ಮೋಟರು ಓಡಿದಾಗ ನೀರು. ಆ ಹೊತ್ತಿಗೆ ಮನೆಯಲ್ಲಿ ಒಬ್ಬರು ಇರಲೇಬೇಕು. ಆ ಒಬ್ಬರು ಸಾಮಾನ್ಯವಾಗಿ ನಿಮ್ಮಮ್ಮ ಅಥವಾ ನೀವು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಬೇಡ ಎಂದು ಯಾರೂ ಹೇಳಿರುವುದಿಲ್ಲ. ಬಸ್ಸು ಹೊರಡುವ ಹೊತ್ತಿಗೆ ನೀರು ಬಂದಿರುತ್ತದೆ ಅಷ್ಟೆ. ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರ ಹೆಸರು ನಿಮ್ಮ ಪಠ್ಯದಲ್ಲಿ ಬಂದೇ ಇರುತ್ತದೆ. ಮನುಷ್ಯ ನಿಜವಾಗಿ ಏನು ಮಾಡಬಲ್ಲ, ಹೇಗೆ ಬದುಕಬಲ್ಲ ಎಂಬುದರಲ್ಲಿ ಸ್ವಾತಂತ್ರ್ಯವನ್ನು ಅಳೆಯಬೇಕು ಎಂಬುದು ಅವರ ವಾದ. ಅವರು ತಮ್ಮ ಬಾಲ್ಯದ ಒಂದು ಘಟನೆಯನ್ನು ಹಲವು ಕಡೆ ಹೇಳಿಕೊಂಡಿದ್ದಾರೆ. 1940ರ ದಶಕದ ಢಾಕಾ. ಕೋಮುಗಲಭೆಯ ದಿನಗಳು. ಕಾದರ್ ಮಿಯಾ ಎಂಬ ಮುಸ್ಲಿಂ ಕೂಲಿಕಾರ ಬೆನ್ನಿಗೆ ಇರಿತವಾಗಿ, ರಕ್ತ ಸುರಿಸುತ್ತಾ ಸೇನ್ ಅವರ ಮನೆಯ ಅಂಗಳಕ್ಕೆ ಬಂದರು. ಇಂಥ ಹೊತ್ತಲ್ಲಿ ಹಿಂದೂಗಳ ಕೇರಿಗೆ ಹೋಗಬೇಡಿ ಎಂದು ಹೆಂಡತಿ ಹೇಳಿದ್ದರು. ಮನೆಯಲ್ಲಿ ಊಟಕ್ಕಿರಲಿಲ್ಲ, ಚೂರು ಕೂಲಿಗಾಗಿ ಬಂದಿದ್ದರು. ಆಸ್ಪತ್ರೆಯಲ್ಲಿ ತೀರಿಕೊಂಡರು. ಇರಿದ ಕೈ ಒಬ್ಬರದ್ದು. ಆದರೆ ಆ ಬೀದಿಗೆ ಅವರನ್ನು ತಂದು ನಿಲ್ಲಿಸಿದ್ದು ಬಡತನ. ಒಂದು ಸ್ವಾತಂತ್ರ್ಯ ಇಲ್ಲದಿದ್ದರೆ ಇನ್ನೊಂದನ್ನೂ ಕಳೆದುಕೊಳ್ಳಬೇಕಾಗುತ್ತದೆ ಎಂಬ ಯೋಚನೆಗೆ ಅದೂ ಒಂದು ಬೇರು.

ನಿಮ್ಮೂರಲ್ಲೂ ಹಾಗೇ ಕೊಂಡಿಯಿಂದ ಕೊಂಡಿ. ನೀರು ಕೆಟ್ಟಿತು, ಮೂಳೆ ಕೆಟ್ಟಿತು, ದುಡಿಮೆ ನಿಂತಿತು. ಅದೇ ಹೊತ್ತಿಗೆ ಬೋರು ಫೇಲ್ ಆಯಿತು, ಸಾಲ ಉಳಿಯಿತು. ಮಗಳ ಹಲ್ಲು ನೋಡಿ ಸಂಬಂಧ ಮುಂದಕ್ಕೆ ಹೋಗಲಿಲ್ಲ. ಸಾಲ ಕೊಟ್ಟವರ ವಿರುದ್ಧ ಗ್ರಾಮಸಭೆಯಲ್ಲಿ ಬಾಯಿ ತೆರೆಯಲು ಯಾರಿಗೆ ಧೈರ್ಯ ಬರುತ್ತದೆ? ಮಾತಾಡುವ ಹಕ್ಕನ್ನು ಯಾರೂ ಕಸಿದಿಲ್ಲ. ಅದು ಬಳಸಲಾಗದಷ್ಟು ದುಬಾರಿಯಾಗಿದೆ.

ಕಾನೂನು ಕೂಡ ನಿಧಾನವಾಗಿ ಈ ದಾರಿಗೆ ಬಂದಿದೆ. 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಮಾಲಿನ್ಯವಿಲ್ಲದ ನೀರು, ಗಾಳಿಯ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟು 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಹವಾಮಾನ ಬದಲಾವಣೆಯ ಕೇಡಿನಿಂದ ರಕ್ಷಣೆ ಪಡೆಯುವುದೂ ಹಕ್ಕೇ ಎಂದು 2024ರಲ್ಲಿ ಹೇಳಿತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2010ರಲ್ಲಿ ನೀರನ್ನು ಮಾನವ ಹಕ್ಕು ಎಂದು ಒಪ್ಪಿತು. ಹಾಗಾಗಿ ನಿಮ್ಮ ಪ್ರಶ್ನೆ ಪಾಠದಿಂದ ಹೊರಗಿನದ್ದಲ್ಲ.

ಇದನ್ನು ಅಭಿವೃದ್ಧಿಯ ಸಮಸ್ಯೆ ಎಂದರೇನು ತಪ್ಪು ಎಂದು ನೀವು ಕೇಳಬಹುದು. ತಪ್ಪೇನಿಲ್ಲ, ಆದರೆ ಸಾಲದು. ಅಭಿವೃದ್ಧಿ ಎಂದಾಗ ಒಬ್ಬರು ಕೊಡುವವರು, ಇನ್ನೊಬ್ಬರು ಕಾಯುವವರು. ಯೋಜನೆ ಬಂದಾಗ ಬರುತ್ತದೆ. ಎತ್ತಿನಹೊಳೆ ಯೋಜನೆಯನ್ನೇ ನೋಡಿ. ಪಶ್ಚಿಮ ಘಟ್ಟದಿಂದ 24 ಟಿಎಂಸಿ ನೀರು ಎತ್ತಿ ನಿಮ್ಮ ಕಡೆಗೆ ತರುವ ಮಾತು ಹತ್ತು ವರ್ಷಕ್ಕೂ ಹಳೆಯದು. ಮೊದಲ ಹಂತ ಸಕಲೇಶಪುರದ ಕಡೆ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರಿನಲ್ಲಿ. ಅತ್ತ ಘಟ್ಟದ ಕಾಡು, ನೇತ್ರಾವತಿ ನಂಬಿದ ಕರಾವಳಿಯ ಜನ ತಮ್ಮ ಪಾಲೇನಾಯಿತು ಎಂದು ಕೇಳುತ್ತಿದ್ದಾರೆ. ಅವರ ಪ್ರಶ್ನೆಯೂ ನ್ಯಾಯದ್ದೇ. ಇತ್ತ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಒಣಗಿದ್ದ ಕೆರೆಗಳು ತುಂಬಿದವು, ಬತ್ತಿದ ಬೋರುಗಳಲ್ಲಿ ನೀರು ಬಂತು. ಅದೇ ಜನ ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ಹೋರಾಡಿದರು. ವಿಷಯ ಕೋರ್ಟಿನ ಮೆಟ್ಟಿಲೂ ಹತ್ತಿತು. "ನೀರು ಕೊಟ್ಟರೂ ತಕರಾರಾ?" ಎಂದು ಕೇಳಿದವರಿದ್ದರು. ಕೊಟ್ಟದ್ದನ್ನು ತೆಗೆದುಕೊಳ್ಳುವ ಫಲಾನುಭವಿ ತಕರಾರು ಮಾಡಬಾರದು ಎಂಬ ಭಾವನೆ ಅದರ ಹಿಂದೆ ಇದೆ. ನಾಗರಿಕ ಮಾಡಬಹುದು, ಮಾಡಬೇಕು. ತನ್ನ ಕೆರೆಗೆ ಯಾವ ನೀರು ಬರುತ್ತದೆ ಎಂದು ಕೇಳುವುದು ಸ್ವಾತಂತ್ರ್ಯದ ಭಾಗ. ಇಷ್ಟು ಹೇಳಿದರೆ ನಿಮ್ಮ ಮೇಷ್ಟ್ರು ಒಪ್ಪಬಹುದು ಎಂದು ನನ್ನ ನಂಬಿಕೆ.

ಬೆಂಗಳೂರಿಗೆ ಹೋಗುವ ವಿಷಯ. ಹೋಗಬೇಕು ಅನ್ನಿಸಿದರೆ ಖಂಡಿತ ಹೋಗಿ. ಓದಿಗೆ, ಕೆಲಸಕ್ಕೆ, ಹೊಸ ಬದುಕಿಗೆ ಊರು ಬಿಡುವುದು ಒಳ್ಳೆಯದೇ. ಆದರೆ ಇಲ್ಲಿ ಉಳಿಯಲು ಆಗದ್ದಕ್ಕೆ ಹೋಗುವುದೂ, ಅಲ್ಲಿ ಬೇಕಾದ್ದು ಇದೆ ಎಂದು ಹೋಗುವುದೂ ಒಂದೇ ಅಲ್ಲ. ಉಳಿಯುವುದೂ ಸಾಧ್ಯವಿದ್ದಾಗ ಮಾತ್ರ ಹೋಗುವುದು ಆಯ್ಕೆ. ನೀವು ಹೋದರೂ ನಿಮ್ಮಜ್ಜಿ ಹೋಗುವುದಿಲ್ಲ. ಪಕ್ಕದ ಮನೆಯ ಮೂರು ವರ್ಷದ ಮಗುವೂ ಹೋಗುವುದಿಲ್ಲ.

ಆ ಮಗುವಿನ ವಿಷಯ ಬಂದದ್ದರಿಂದ ಕೆಲಸಕ್ಕೆ ಬರುವ ಮಾತುಗಳನ್ನೂ ಹೇಳಿಬಿಡುತ್ತೇನೆ. 8 ವರ್ಷದೊಳಗಿನ ಮಕ್ಕಳಿಗೆ ಇವತ್ತಿನಿಂದಲೇ ಫ್ಲೋರೈಡ್ ಇಲ್ಲದ ನೀರು ಕೊಟ್ಟರೆ ಮುಂದೆ ಹುಟ್ಟುವ ಹಲ್ಲುಗಳಾದರೂ ಉಳಿಯುತ್ತವೆ. ಎಷ್ಟೋ ಮನೆಗಳಲ್ಲಿ ಕುಡಿಯಲು ಘಟಕದ ಕ್ಯಾನ್ ನೀರು ತಂದು, ಅನ್ನ, ಮುದ್ದೆ, ಸಾರಿಗೆ ಮಾತ್ರ ಬೋರ್ ನೀರನ್ನೇ ಬಳಸುತ್ತಾರೆ. ಅಡುಗೆ ನೀರನ್ನೂ ಬದಲಿಸಬೇಕು, ಇಲ್ಲದಿದ್ದರೆ ಅರ್ಧ ಕೆಲಸ ವ್ಯರ್ಥ. ನಿಮ್ಮಜ್ಜಿಯ ಮೂಳೆ ಮೊದಲಿನಂತೆ ಆಗುವುದಿಲ್ಲ, ಈ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ಆದರೆ ನೀರು ಬದಲಿಸಿದರೆ ಕೇಡು ಮುಂದುವರಿಯುವುದು ನಿಧಾನವಾಗುತ್ತದೆ, ಕೆಲವರಿಗೆ ನೋವೂ ಇಳಿಯುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಮುದ್ದೆ ಬಿಡಬೇಡಿ. ಜೊತೆಗೆ ಸೊಪ್ಪು, ಹಾಲು, ನೆಲ್ಲಿಕಾಯಿ ಇರಲಿ. ಹಾಲಿಲ್ಲದ ಕಡು ಟೀ ಕಡಿಮೆ ಮಾಡಿಸಿ, ಟೀ ಎಲೆಯಲ್ಲೇ ಫ್ಲೋರೈಡ್ ಇರುತ್ತದೆ. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮುಂದುವರಿಸುವುದು ಬೇಡ. ನಿಮ್ಮ ಹಲ್ಲಿನ ಬಣ್ಣವನ್ನು ದಂತವೈದ್ಯರು ಸಾಕಷ್ಟು ಮಟ್ಟಿಗೆ ಸರಿ ಮಾಡಬಲ್ಲರು. ಅದು ನಿಮ್ಮ ಇಷ್ಟ, ಮಾಡಿಸಲೇಬೇಕು ಎಂದೇನಿಲ್ಲ.

ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಂದರೆ 30 ಚದರ ಮೀಟರ್ ಮಾಳಿಗೆಯಿಂದ, ಸೋರಿಕೆ ಕಳೆದು, ಸುಮಾರು 16,800 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಎಂದರೆ ವರ್ಷಕ್ಕೆ 14,600. ಲೆಕ್ಕ ಕೂಡುತ್ತದೆ. ಆದರೆ ಅಷ್ಟು ನೀರು ಹಿಡಿದಿಡುವ ತೊಟ್ಟಿ ಕಟ್ಟಲು ಬಡವರ ಮನೆಯಲ್ಲಿ ಜಾಗವೂ ಇಲ್ಲ, ದುಡ್ಡೂ ಇಲ್ಲ. ಶಾಲೆ, ಅಂಗನವಾಡಿಯ ಮಾಳಿಗೆಯಿಂದ ಶುರು ಮಾಡುವುದು ಮೇಲು. ಊರಿನಲ್ಲಿ ಶುದ್ಧ ನೀರಿನ ಘಟಕ ಇದ್ದರೆ ಅದು ಹೊರಬಿಡುವ ನೀರು ಎಲ್ಲಿ ಹೋಗುತ್ತದೆ ಎಂದೂ ನೋಡಿ. ಅದರಲ್ಲಿ ಫ್ಲೋರೈಡ್ ಮೂಲ ನೀರಿಗಿಂತ ಜಾಸ್ತಿ ಇರುತ್ತದೆ, ಬಾವಿಯ ಪಕ್ಕ ಬಿಡಬಾರದು.

ಮುಂದಿನ ಗ್ರಾಮಸಭೆಗೆ ನೀವು ಹೋಗಿ, ಸಾಧ್ಯವಾದರೆ ನಾಲ್ಕು ಜನ ಗೆಳತಿಯರನ್ನು ಕರೆದುಕೊಂಡು. ಜಲಜೀವನ ಯೋಜನೆಯ ಮಾರ್ಗಸೂಚಿಯ ಪ್ರಕಾರ ಗ್ರಾಮದ ನೀರು ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ನೀರು ಪರೀಕ್ಷಿಸುವ ಕಿಟ್ ಬಳಸಲು ಊರಿಗೆ ಐವರು ಹೆಂಗಸರಿಗೆ ತರಬೇತಿ ಆಗಬೇಕು. ನಿಮ್ಮೂರಿನಲ್ಲಿ ಆ ಐವರು ಯಾರು ಎಂದು ಕೇಳಿ. ಊರಿಗೆ ನೀರು ಕೊಡುವ ಪ್ರತಿ ಬೋರಿನ ಫ್ಲೋರೈಡ್ ಮಟ್ಟ ಎಷ್ಟು, ಕಡೆಯ ಪರೀಕ್ಷೆ ಯಾವಾಗ ಆಯಿತು, ಅದನ್ನು ಪಂಚಾಯಿತಿ ಗೋಡೆಯ ಮೇಲೆ ಯಾಕೆ ಬರೆದಿಲ್ಲ ಎಂದು ಕೇಳಿ. ಬಾಯಿಮಾತಿನ ಉತ್ತರ ಬಂದರೆ ನಡಾವಳಿಯಲ್ಲಿ ಬರೆಸಿ. ಬರೆಯಲಿಲ್ಲವೆಂದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, ಶುಲ್ಕ ಹತ್ತು ರೂಪಾಯಿ. ಅರ್ಜಿ ಬರೆಯಲು ನಿಮ್ಮ ಮೇಷ್ಟ್ರನ್ನೇ ಕೇಳಿ ನೋಡಿ.